ಔಷಧ ಬರೆಯುವ ನರ್ಸ್‌ಗಳ ಔಷಧಶಾಸ್ತ್ರ ಕಲಿಕೆ: ಅಮೆರಿಕದ ನರ್ಸ್ ಪ್ರಾಕ್ಟೀಷನರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಕರ್ನಾಟಕದಲ್ಲಿ ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ, ಎನ್‌ಕ್ಲೆಕ್ಸ್ ಎಂಬ ನರ್ಸಿಂಗ್ ಪರವಾನಗಿ ಪರೀಕ್ಷೆ ಬರೆದು ಅಮೆರಿಕಕ್ಕೆ ಹೋದವರಲ್ಲಿ ಹಲವರು ಮುಂದೆ ಸ್ನಾತಕೋತ್ತರ ಓದಿ ನರ್ಸ್ ಪ್ರಾಕ್ಟೀಷನರ್ ಆಗುತ್ತಾರೆ. ಅಲ್ಲಿಗೆ ಕೆಲಸದ ಸ್ವರೂಪವೇ ಬದಲಾಗುತ್ತದೆ. ಊರಿನ ವಾರ್ಡಿನಲ್ಲಿ ವೈದ್ಯರು ಬರೆದ ಔಷಧವನ್ನು ಸರಿಯಾದ ಹೊತ್ತಿಗೆ, ಸರಿಯಾದ ರೋಗಿಗೆ ಕೊಡುವುದು ನಮ್ಮ ಹೊಣೆಯಾಗಿತ್ತು. ಇಲ್ಲಿ ಯಾವ ಔಷಧ, ಎಷ್ಟು, ಎಷ್ಟು ದಿನ, ಯಾವಾಗ ನಿಲ್ಲಿಸಬೇಕು ಎಂಬುದನ್ನು ನಾವೇ ತೀರ್ಮಾನಿಸಿ ಸಹಿ ಹಾಕುತ್ತೇವೆ. ಆ ಸಹಿಯ ಹಕ್ಕನ್ನು ಉಳಿಸಿಕೊಳ್ಳಲು ನಿಯತವಾಗಿ ಔಷಧಶಾಸ್ತ್ರ ಕಲಿಯಬೇಕೆಂದು ಕಾನೂನು ಹೇಳುತ್ತದೆ.

ಈ ಕಲಿಕೆಯನ್ನು ನವೀಕರಣದ ಕೊನೆಯ ವಾರದಲ್ಲಿ ಗಂಟೆ ತುಂಬಿಸುವ ಕೆಲಸವಾಗಿ ಮಾಡುವವರು ಬಹಳ ಜನ. ಅದರಿಂದ ಪರವಾನಗಿ ಉಳಿಯಬಹುದು, ಆದರೆ ರೋಗಿಗೆ ಲಾಭವಿಲ್ಲ. ನೀವು ದಿನವೂ ಬರೆಯುವ ಔಷಧಗಳಿಂದಲೇ ಕಲಿಕೆಯನ್ನು ಆರಂಭಿಸಿದರೆ ಗಂಟೆಗಳು ತಾವಾಗಿ ತುಂಬುತ್ತವೆ. ಈ ಮಾರ್ಗದರ್ಶಿ ಆ ಕ್ರಮವನ್ನೇ ವಿವರಿಸುತ್ತದೆ.

ಹಂತ 1: ನಿಮ್ಮ ಮೇಲಿರುವ ಮೂರು ಗಡುವುಗಳನ್ನು ಒಂದೇ ಹಾಳೆಯಲ್ಲಿ ಬರೆಯಿರಿ

ಔಷಧ ಬರೆಯುವ ನರ್ಸ್ ಪ್ರಾಕ್ಟೀಷನರ್ ಸಾಮಾನ್ಯವಾಗಿ ಮೂರು ಕಡೆ ಉತ್ತರ ಕೊಡಬೇಕು: ರಾಜ್ಯದ ಪರವಾನಗಿ, ರಾಷ್ಟ್ರೀಯ ಪ್ರಮಾಣೀಕರಣ, ಮತ್ತು ನಿಯಂತ್ರಿತ ಔಷಧ (ವ್ಯಸನ ಅಥವಾ ದುರುಪಯೋಗದ ಅಪಾಯವಿರುವುದರಿಂದ ಕಾನೂನಿನ ಕಣ್ಗಾವಲಿರುವ ಔಷಧ) ಬರೆಯುವವರಾದರೆ ಕೇಂದ್ರ ಸರ್ಕಾರದ ಮಾದಕವಸ್ತು ನಿಯಂತ್ರಣ ಸಂಸ್ಥೆಯಾದ ಡಿಇಎಯ ನೋಂದಣಿ. ಮೂರರ ಅವಧಿಯೂ ಬೇರೆ, ಬೇಡಿಕೆಯೂ ಬೇರೆ. ಗೊಂದಲವೆಲ್ಲ ಹುಟ್ಟುವುದು ಇಲ್ಲಿಂದಲೇ.

ರಾಷ್ಟ್ರೀಯ ಪ್ರಮಾಣೀಕರಣದ ಅವಧಿ ಐದು ವರ್ಷ. ಅಮೆರಿಕನ್ ನರ್ಸಸ್ ಕ್ರೆಡೆನ್ಷಿಯಲಿಂಗ್ ಸೆಂಟರ್, ಅಂದರೆ ಎಎನ್‌ಸಿಸಿ ಮೂಲಕ ಪ್ರಮಾಣಪತ್ರ ಪಡೆದಿದ್ದರೆ 75 ಗಂಟೆಗಳ ನಿರಂತರ ಶಿಕ್ಷಣ ಬೇಕು. ಅದರಲ್ಲಿ 25 ಗಂಟೆ ಔಷಧ ಚಿಕಿತ್ಸೆಗೇ ಮೀಸಲಾಗಿರಬೇಕು, ಜೊತೆಗೆ ಬೇರೆ ವೃತ್ತಿಪರ ಚಟುವಟಿಕೆಗಳ ಒಂದು ವಿಭಾಗವನ್ನೂ ಪೂರೈಸಬೇಕು. ಎಎಎನ್‌ಪಿಸಿಬಿ ಎಂಬ ಇನ್ನೊಂದು ಮಂಡಳಿಯಿಂದ ಪಡೆದಿದ್ದರೆ 100 ಗಂಟೆಗಳ ಶಿಕ್ಷಣ, ಅದರೊಳಗೆ 25 ಗಂಟೆ ಉನ್ನತ ಔಷಧಶಾಸ್ತ್ರ, ಮತ್ತು 1,000 ಗಂಟೆಗಳ ರೋಗಿಸೇವೆ. ಅದು ಬೇಡವೆನಿಸಿದರೆ ಪರೀಕ್ಷೆಯನ್ನು ಮತ್ತೆ ಬರೆಯಬಹುದು. ವಿದ್ಯಾರ್ಥಿಗಳಿಗೆ ಕ್ಲಿನಿಕ್‌ನಲ್ಲಿ ಮಾರ್ಗದರ್ಶನ ಮಾಡಿದ ಅವಧಿಯನ್ನು ಒಂದಿಷ್ಟು ಗಂಟೆಗಳಿಗೆ ಬದಲಾಗಿ ತೋರಿಸಲು ಈ ಮಂಡಳಿ ಬಿಡುತ್ತದೆ. ಆದರೆ ಔಷಧಶಾಸ್ತ್ರದ 25 ಗಂಟೆಗಳಿಗೆ ಆ ಬದಲಿ ನಡೆಯುವುದಿಲ್ಲ.

ರಾಜ್ಯಗಳ ನಿಯಮ ಒಂದೊಂದೂ ಒಂದೊಂದು ತೆರ. ಪೆನ್ಸಿಲ್ವೇನಿಯಾದಲ್ಲಿ ಎರಡು ವರ್ಷಕ್ಕೆ 30 ಗಂಟೆ. ಔಷಧ ಬರೆಯುವ ಅಧಿಕಾರ ಇರುವವರಿಗೆ ಅದರಲ್ಲಿ 16 ಗಂಟೆ ಔಷಧಶಾಸ್ತ್ರ. ಟೆಕ್ಸಾಸ್‌ನಲ್ಲಿ ಎರಡು ವರ್ಷಕ್ಕೆ 5 ಗಂಟೆ ಔಷಧ ಚಿಕಿತ್ಸೆ, ನಿಯಂತ್ರಿತ ಔಷಧ ಬರೆಯುವವರಿಗೆ ಇನ್ನೂ 3 ಗಂಟೆ. ಫ್ಲಾರಿಡಾ ಪ್ರತಿ ನವೀಕರಣಕ್ಕೆ ನಿಯಂತ್ರಿತ ಔಷಧಗಳ ಸುರಕ್ಷಿತ ಬಳಕೆಯ ಬಗ್ಗೆ 3 ಗಂಟೆ ಕೇಳುತ್ತದೆ. ನ್ಯೂಯಾರ್ಕಿನಲ್ಲಿ ಡಿಇಎ ನೋಂದಣಿ ಇರುವವರು ಮೂರು ವರ್ಷಕ್ಕೊಮ್ಮೆ ನೋವು ನಿರ್ವಹಣೆ, ಉಪಶಮನ ಆರೈಕೆ ಮತ್ತು ವ್ಯಸನದ ಕುರಿತು 3 ಗಂಟೆ ಮುಗಿಸಬೇಕು. ಸಹೋದ್ಯೋಗಿ ಹೇಳಿದ ಮಾತನ್ನು ನಂಬಿಕೊಂಡು ಕೂರಬೇಡಿ. ಅವರು ಬೇರೆ ರಾಜ್ಯದಿಂದ ಬಂದವರಾಗಿರಬಹುದು, ಹಳೆಯ ನಿಯಮ ನೆನಪಿಟ್ಟುಕೊಂಡವರಾಗಿರಬಹುದು. ಪ್ರತಿ ನವೀಕರಣ ಅವಧಿಯ ಮೊದಲ ತಿಂಗಳಲ್ಲೇ ನಿಮ್ಮ ರಾಜ್ಯ ಮಂಡಳಿಯ ಜಾಲತಾಣ ತೆರೆದು, ಆ ದಿನ ಇದ್ದ ನಿಯಮವನ್ನು ಪಿಡಿಎಫ್ ಆಗಿ ಉಳಿಸಿಕೊಳ್ಳಿ.

ಮೂರನೆಯದು ಡಿಇಎ ನೋಂದಣಿ, ಮೂರು ವರ್ಷಕ್ಕೊಮ್ಮೆ. 2022ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಮೇಟ್ ಕಾಯ್ದೆಯ ಪ್ರಕಾರ, 2023ರ ಜೂನ್ 27ರ ನಂತರದ ಮೊದಲ ನೋಂದಣಿ ಅಥವಾ ನವೀಕರಣದ ವೇಳೆಗೆ ಓಪಿಯಾಯ್ಡ್ (ಅಫೀಮಿನ ಗುಂಪಿನ ಬಲವಾದ ನೋವುನಿವಾರಕ) ಮತ್ತಿತರ ಮಾದಕ ವಸ್ತುಗಳ ವ್ಯಸನದ ಚಿಕಿತ್ಸೆಯಲ್ಲಿ 8 ಗಂಟೆಗಳ ತರಬೇತಿ ಮುಗಿದಿರಬೇಕು. ಪಶುವೈದ್ಯರನ್ನು ಬಿಟ್ಟು ನೋಂದಾಯಿತರೆಲ್ಲರಿಗೂ ಇದು ಅನ್ವಯ. ಇದು ಒಮ್ಮೆ ಮಾತ್ರ ಮಾಡಬೇಕಾದದ್ದು. ಒಂದೇ ಬಾರಿಗೆ ಕುಳಿತು ಮುಗಿಸಬೇಕೆಂದೂ ಇಲ್ಲ, ಬೇರೆ ಬೇರೆ ತರಗತಿಗಳನ್ನು ಕೂಡಿಸಿ 8 ಗಂಟೆ ಮಾಡಬಹುದು. ಓಪಿಯಾಯ್ಡ್ ವ್ಯಸನದ ಚಿಕಿತ್ಸೆಗೆ ಬಳಸುವ ಬ್ಯೂಪ್ರೆನಾರ್ಫಿನ್ ಬರೆಯಲು ಮೊದಲು ಬೇಕಿದ್ದ ಎಕ್ಸ್-ವೇವರ್ ಎಂಬ ವಿಶೇಷ ಅನುಮತಿ ಅದೇ ಕಾನೂನಿನಿಂದ ರದ್ದಾಯಿತು. ಅದಕ್ಕಾಗಿ ಹಿಂದೆ ತರಬೇತಿ ಪಡೆದಿದ್ದರೆ ಆ ಗಂಟೆಗಳೂ ಈ 8ಕ್ಕೆ ಲೆಕ್ಕಕ್ಕೆ ಬರುತ್ತವೆ. ನವೀಕರಣದ ಅರ್ಜಿಯಲ್ಲಿ ತರಬೇತಿ ಮುಗಿಸಿದ್ದೇನೆ ಎಂದು ಘೋಷಿಸಿದರೆ ಸಾಕು, ಪ್ರಮಾಣಪತ್ರ ಕಳಿಸಬೇಕಿಲ್ಲ. ಆದರೆ ಆ ಪ್ರಮಾಣಪತ್ರವನ್ನು ಎಂದೂ ಅಳಿಸಬೇಡಿ.

ಹಂತ 2: ಒಂದು ಗಂಟೆ ಎಷ್ಟು ಕಡೆ ಸಲ್ಲುತ್ತದೆ ಎಂದು ನೋಡಿ

ಒಂದೇ ತರಗತಿ ಎರಡು ಮೂರು ಕಡೆ ಲೆಕ್ಕಕ್ಕೆ ಬರುವುದು ನ್ಯಾಯವಾದದ್ದೇ. ಇಲಿನಾಯ್ ರಾಜ್ಯವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಷಿಕಾಗೋ ಸುತ್ತಮುತ್ತ ಕನ್ನಡಿಗರು ದಶಕಗಳಿಂದ ನೆಲೆಸಿದ್ದಾರೆ, ಆರೋಗ್ಯ ಕ್ಷೇತ್ರದಲ್ಲಿರುವವರೂ ಕಡಿಮೆಯಿಲ್ಲ. ಆ ರಾಜ್ಯದಲ್ಲಿ ನರ್ಸ್ ಪ್ರಾಕ್ಟೀಷನರ್ ಎರಡು ವರ್ಷಕ್ಕೆ 80 ಗಂಟೆ ಕಲಿಯಬೇಕು. ಅದರಲ್ಲಿ 20 ಗಂಟೆ ಔಷಧ ಚಿಕಿತ್ಸೆ, ಆ 20ರೊಳಗೆ 10 ಗಂಟೆ ಓಪಿಯಾಯ್ಡ್ ಬರೆಯುವ ಕ್ರಮ ಅಥವಾ ಮಾದಕ ವ್ಯಸನದ ಬಗ್ಗೆ.

ಲೆಕ್ಕ ಹಾಕಿ ನೋಡಿ. ಎರಡು ವರ್ಷಕ್ಕೆ 20 ಎಂದರೆ ಐದು ವರ್ಷಕ್ಕೆ 50. ರಾಷ್ಟ್ರೀಯ ಮಂಡಳಿ ಕೇಳುವ 25 ಅದರ ಅರ್ಧ ಮಾತ್ರ. ಮೇಟ್ ಕಾಯ್ದೆಯ 8 ಗಂಟೆಗಳ ತರಬೇತಿಯನ್ನು ಮಾನ್ಯತೆ ಪಡೆದ ಸಂಸ್ಥೆಯಿಂದ ಪಡೆದರೆ, ಆ ಅವಧಿಯ 10 ವ್ಯಸನದ ಗಂಟೆಗಳಲ್ಲಿ 8 ಅಲ್ಲೇ ಮುಗಿದಂತೆ. ಅಂದರೆ ಇಲಿನಾಯ್‌ನಲ್ಲಿ ರಾಜ್ಯದ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದವರಿಗೆ ಔಷಧಶಾಸ್ತ್ರದ ಮಟ್ಟಿಗೆ ಉಳಿದ ಎರಡು ಗಡುವುಗಳು ಹೊರೆಯೇ ಅಲ್ಲ. ಟೆಕ್ಸಾಸ್‌ನಲ್ಲಿ ಇದು ತಿರುಗುಮುರುಗು. ರಾಜ್ಯ ಕೇಳುವ ಔಷಧಶಾಸ್ತ್ರ ಕಡಿಮೆ, ಹಾಗಾಗಿ ರಾಷ್ಟ್ರೀಯ ಮಂಡಳಿಯ 25ನ್ನು ಗುರಿಯಾಗಿಟ್ಟುಕೊಂಡು ನಡೆಯಬೇಕು. ಮೊದಲು ಯಾರ ಬೇಡಿಕೆ ದೊಡ್ಡದೋ ಅದನ್ನು ಹಿಡಿಯಿರಿ, ಉಳಿದವನ್ನು ಅದರೊಳಗೆ ಕೂರಿಸಿ.

ಎರಡು ವರ್ಷಕ್ಕೆ 20 ಎಂಬುದು ಕೇಳಲು ದೊಡ್ಡದು. ತಿಂಗಳಿಗೆ ಹಂಚಿದರೆ 50 ನಿಮಿಷ. ತಿಂಗಳ ಒಂದು ಭಾನುವಾರದ ಬೆಳಗ್ಗೆ ಸಾಕು.

ಒಂದು ಎಚ್ಚರಿಕೆ: ದಿನಾಂಕ. ನವೀಕರಣ ಅವಧಿಯೊಳಗೆ ಮಾಡಿದ ಗಂಟೆಗಳಷ್ಟೇ ಆ ಅವಧಿಗೆ ಸಲ್ಲುತ್ತವೆ. ಹೆಚ್ಚುವರಿ ಗಂಟೆಗಳನ್ನು ಮುಂದಿನ ಅವಧಿಗೆ ಒಯ್ಯಲು ಹೆಚ್ಚಿನ ರಾಜ್ಯಗಳು ಬಿಡುವುದಿಲ್ಲ.

ಹಂತ 3: ಔಷಧಶಾಸ್ತ್ರದ ಗಂಟೆ ಎಂದರೆ ಏನು ಎಂದು ತಿಳಿಯಿರಿ

ಮಧುಮೇಹದ ಬಗ್ಗೆ ಎರಡು ಗಂಟೆಯ ಉಪನ್ಯಾಸ ಕೇಳಿದಿರಿ ಎನ್ನೋಣ. ಅದರಲ್ಲಿ ಅರ್ಧ ಭಾಗ ರೋಗಪತ್ತೆ, ಆಹಾರ, ಪಾದದ ಆರೈಕೆ. ಉಳಿದರ್ಧ ಔಷಧಗಳ ಆಯ್ಕೆ, ಡೋಸ್, ಅಡ್ಡ ಪರಿಣಾಮ. ಆಗ ಪ್ರಮಾಣಪತ್ರದಲ್ಲಿ ಒಟ್ಟು 2 ಗಂಟೆ, ಔಷಧಶಾಸ್ತ್ರ 1 ಗಂಟೆ ಎಂದು ನಮೂದಾಗಿರುತ್ತದೆ. ಎರಡನೆಯ ಸಂಖ್ಯೆಯೇ ನಿಮಗೆ ಬೇಕಾದದ್ದು. ಅನೇಕ ಪ್ರಮಾಣಪತ್ರಗಳಲ್ಲಿ ಅದು ಇರುವುದೇ ಇಲ್ಲ. ಹೆಸರು ನೋಂದಾಯಿಸುವ ಮುನ್ನವೇ ತರಗತಿಯ ವಿವರಣೆಯಲ್ಲಿ ಔಷಧಶಾಸ್ತ್ರದ ಗಂಟೆ ಪ್ರತ್ಯೇಕವಾಗಿ ಬರೆದಿದೆಯೇ ಎಂದು ನೋಡಿ. ಇಲ್ಲದಿದ್ದರೆ ಆಯೋಜಕರಿಗೆ ಮಿಂಚಂಚೆ ಬರೆದು ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ.

ವೈದ್ಯರಿಗಾಗಿ ನಡೆಸುವ ಮಾನ್ಯ ತರಗತಿಗಳ ಒಂದು ಕ್ರೆಡಿಟ್ ನಮ್ಮ ಒಂದು ಗಂಟೆಗೆ ಸಮ. ಸಿಇಯು ಎಂದು ಬರೆದಿದ್ದರೆ ಗಮನಿಸಿ: ಒಂದು ಸಿಇಯು ಎಂದರೆ ಹತ್ತು ಗಂಟೆ. ವಿಶ್ವವಿದ್ಯಾಲಯದ ಒಂದು ಸೆಮಿಸ್ಟರ್ ಕ್ರೆಡಿಟ್ 15 ಗಂಟೆಗೆ ಸಮ, ಹಾಗಾಗಿ ಡಿಎನ್‌ಪಿ (ನರ್ಸಿಂಗ್ ಡಾಕ್ಟರೇಟ್) ಓದುತ್ತಿರುವವರು ಆ ಪಾಠಗಳನ್ನು ಮರೆಯಬಾರದು.

ಹಂತ 4: ನಿಮ್ಮದೇ ಔಷಧ ಚೀಟಿಗಳಿಂದ ವಿಷಯ ಆರಿಸಿ

ಇದು ಇಡೀ ಮಾರ್ಗದರ್ಶಿಯ ಹೃದಯ. ನಿಮ್ಮ ಕ್ಲಿನಿಕ್‌ನ ವಿದ್ಯುನ್ಮಾನ ದಾಖಲೆಯಿಂದ ಕಳೆದ ಮೂರು ತಿಂಗಳಲ್ಲಿ ನೀವು ಬರೆದ ಔಷಧಗಳ ಪಟ್ಟಿ ತೆಗೆಸಿ. ಅತಿ ಹೆಚ್ಚು ಬರೆದ ಇಪ್ಪತ್ತನ್ನು ಬೇರೆ ಮಾಡಿ. ಪ್ರತಿಯೊಂದರ ಮುಂದೆ ಮೂರು ಪ್ರಶ್ನೆ ಹಾಕಿಕೊಳ್ಳಿ: ಮೂತ್ರಪಿಂಡ ದುರ್ಬಲವಾದರೆ ಡೋಸ್ ಎಷ್ಟು? ಇದರ ಜೊತೆ ಬರೆಯಬಾರದ ಔಷಧ ಯಾವುದು? ನಾನು ಓದು ಮುಗಿಸಿದ ನಂತರ ಇದರ ಎಚ್ಚರಿಕೆಯಲ್ಲಿ ಏನು ಬದಲಾಗಿದೆ? ಉತ್ತರ ತಡವರಿಸಿದ ಜಾಗವೇ ನಿಮ್ಮ ಮುಂದಿನ ತರಗತಿಯ ವಿಷಯ.

ಮೂರನೆಯ ಪ್ರಶ್ನೆಯೇ ಹೆಚ್ಚು ಜನರನ್ನು ಕಾಡುತ್ತದೆ. ಪ್ರಾಥಮಿಕ ಆರೈಕೆಯಲ್ಲಿ ದಿನವೂ ಬರೆಯುವ ಔಷಧಗಳನ್ನೇ ನೋಡಿ. ಮೆಟ್‌ಫಾರ್ಮಿನ್ ಕೊಡಬೇಕೇ ಬೇಡವೇ ಎಂಬುದನ್ನು ಹಿಂದೆ ಕ್ರಿಯಾಟಿನಿನ್ ನೋಡಿ ತೀರ್ಮಾನಿಸುತ್ತಿದ್ದರು. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅದನ್ನು ಇಜಿಎಫ್‌ಆರ್‌ಗೆ (ಮೂತ್ರಪಿಂಡ ರಕ್ತ ಶೋಧಿಸುವ ವೇಗದ ಅಂದಾಜು) ಬದಲಿಸಿತು: 30ಕ್ಕಿಂತ ಕೆಳಗೆ ಕೊಡಲೇಬಾರದು, 30ರಿಂದ 45ರ ನಡುವೆ ಹೊಸದಾಗಿ ಆರಂಭಿಸುವುದು ಸೂಕ್ತವಲ್ಲ. ಫ್ಲೋರೋಕ್ವಿನಲೋನ್ ಗುಂಪಿನ ಪ್ರತಿಜೀವಕಗಳಿಗೆ 2008ರಲ್ಲಿ ಸ್ನಾಯುರಜ್ಜು ಹರಿಯುವ ಅಪಾಯದ ಬಗ್ಗೆ ಚೌಕಟ್ಟಿನ ಎಚ್ಚರಿಕೆ, ಅಂದರೆ ಲೇಬಲ್ಲಿನ ಅತಿ ಗಂಭೀರ ಎಚ್ಚರಿಕೆ ಬಂತು. 2016ರಲ್ಲಿ, ಬೇರೆ ದಾರಿಯಿದ್ದಾಗ ಸಾಮಾನ್ಯ ಸೈನಸ್, ಬ್ರಾಂಕೈಟಿಸ್, ಮೂತ್ರನಾಳದ ಸರಳ ಸೋಂಕಿಗೆ ಅವನ್ನು ಬಳಸಬೇಡಿ ಎಂಬ ಸೂಚನೆ ಬಂತು; 2018ರಲ್ಲಿ ಮಹಾಪಧಮನಿ ಹಿಗ್ಗುವ, ಸೀಳುವ ಅಪಾಯವೂ ಸೇರಿತು. ಮಾಂಟೆಲುಕಾಸ್ಟ್‌ಗೆ 2020ರಲ್ಲಿ ಮಾನಸಿಕ ಪರಿಣಾಮಗಳ ಚೌಕಟ್ಟಿನ ಎಚ್ಚರಿಕೆ ಬಂತು. ಗ್ಯಾಬಪೆಂಟಿನ್ ಉಸಿರಾಟವನ್ನು ಕುಗ್ಗಿಸಬಹುದು, ವಿಶೇಷವಾಗಿ ವಯಸ್ಸಾದವರಲ್ಲಿ ಮತ್ತು ಓಪಿಯಾಯ್ಡ್ ಜೊತೆ ತೆಗೆದುಕೊಂಡಾಗ, ಎಂದು 2019ರ ಡಿಸೆಂಬರ್‌ನಲ್ಲಿ ಎಚ್ಚರಿಸಲಾಯಿತು. ಎಸ್‌ಜಿಎಲ್‌ಟಿ2 ಗುಂಪಿನ ಮಧುಮೇಹದ ಮಾತ್ರೆಗಳನ್ನು ನಿಗದಿತ ಶಸ್ತ್ರಚಿಕಿತ್ಸೆಗೆ ಮೂರು ದಿನ ಮುಂಚೆ ನಿಲ್ಲಿಸಬೇಕು, ಎರ್ಟುಗ್ಲಿಫ್ಲೋಜಿನ್ ಆದರೆ ನಾಲ್ಕು ದಿನ. ಸಕ್ಕರೆ ಮಟ್ಟ ಬಹಳ ಏರದೆಯೇ ಕೀಟೋಆಸಿಡೋಸಿಸ್ (ರಕ್ತ ಆಮ್ಲೀಯವಾಗುವ ತುರ್ತು ಸ್ಥಿತಿ) ಬರಬಹುದೆಂಬುದು ಇದಕ್ಕೆ ಕಾರಣ. 2012ರಲ್ಲೋ 2015ರಲ್ಲೋ ಓದು ಮುಗಿಸಿದವರ ಪಠ್ಯದಲ್ಲಿ ಇವುಗಳಲ್ಲಿ ಎಷ್ಟೋ ಸಂಗತಿಗಳು ಇರಲೇ ಇಲ್ಲ.

ವಯಸ್ಸಾದ ರೋಗಿಗಳನ್ನು ನೋಡುವವರು ಅಮೆರಿಕನ್ ಜೆರಿಯಾಟ್ರಿಕ್ಸ್ ಸೊಸೈಟಿಯ ಬಿಯರ್ಸ್ ಪಟ್ಟಿಯ (ವೃದ್ಧರಿಗೆ ಅಪಾಯಕಾರಿಯಾಗಬಹುದಾದ ಔಷಧಗಳ ಪಟ್ಟಿ) 2023ರ ಆವೃತ್ತಿಯನ್ನು ಒಮ್ಮೆ ಪೂರ್ತಿ ಓದಬೇಕು. ನೋವಿಗೆ ಓಪಿಯಾಯ್ಡ್ ಬರೆಯುವವರು ಸಿಡಿಸಿ ಎಂಬ ರೋಗ ನಿಯಂತ್ರಣ ಸಂಸ್ಥೆಯ 2022ರ ಮಾರ್ಗಸೂಚಿಯನ್ನು ಓದಬೇಕು. 2016ರ ಆವೃತ್ತಿಯ ಡೋಸ್ ಮಿತಿಗಳನ್ನು ಕಲ್ಲಿನ ಗೆರೆಯಂತೆ ಹಿಡಿದು ಹಲವೆಡೆ ರೋಗಿಗಳ ಔಷಧವನ್ನು ದಿಢೀರನೆ ಕಡಿತ ಮಾಡಲಾಗಿತ್ತು. ಹೊಸ ಮಾರ್ಗಸೂಚಿ ಅದನ್ನು ತಿದ್ದಿ, ರೋಗಿಯೊಡನೆ ಮಾತಾಡಿ, ನಿಧಾನವಾಗಿ ಇಳಿಸಲು ಹೇಳುತ್ತದೆ.

ಕನ್ನಡ ಬಲ್ಲ ಪ್ರಾಕ್ಟೀಷನರ್‌ಗೆ ಇಲ್ಲಿ ವಿಶೇಷವಾದ ಒಂದು ಹೊಣೆಯೂ ಇದೆ. ಭಾರತೀಯ ಮೂಲದ ರೋಗಿಗಳು, ಮಕ್ಕಳ ಮನೆಗೆ ಆರು ತಿಂಗಳ ಮಟ್ಟಿಗೆ ಬಂದ ತಂದೆತಾಯಿಗಳು ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. ಅವರ ಚೀಲದಲ್ಲಿ ಊರಿನ ಮಾತ್ರೆಗಳಿರುತ್ತವೆ. ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ತಯಾರಿಸುವ ಡೋಲೋ 650 ಎಂದರೆ ಪ್ಯಾರಾಸಿಟಮಾಲ್, ಅದನ್ನೇ ಅಮೆರಿಕದಲ್ಲಿ ಅಸೆಟಮಿನೋಫೆನ್ ಎನ್ನುತ್ತಾರೆ. ಇಲ್ಲಿನ ನೋವಿನ ಮಾತ್ರೆ, ಶೀತದ ಔಷಧಗಳಲ್ಲೂ ಅದೇ ಸೇರಿರುವುದರಿಂದ ದಿನದ ಒಟ್ಟು ಡೋಸ್ ಗೊತ್ತಾಗದೆ ಏರಿಬಿಡಬಹುದು. ಆಮ್ಲಪಿತ್ತಕ್ಕೆ ಊರಿನಲ್ಲಿ ಧಾರಾಳವಾಗಿ ಕೊಡುವ ಪ್ಯಾಂಟೊಪ್ರಜೋಲ್ ಮಾತ್ರೆಗಳಲ್ಲಿ ಡೋಂಪೆರಿಡೋನ್ ಸೇರಿರುವುದುಂಟು. ಅಮೆರಿಕದಲ್ಲಿ ಅದಕ್ಕೆ ಅನುಮೋದನೆಯಿಲ್ಲ. ಹೃದಯದ ಕ್ಯೂಟಿ ಅವಧಿಯನ್ನು (ಇಸಿಜಿಯಲ್ಲಿ ಕಾಣುವ ಅಳತೆ; ಹಿಗ್ಗಿದರೆ ಬಡಿತ ಅಪಾಯಕರವಾಗಿ ಏರುಪೇರಾಗಬಹುದು) ಅದು ಹಿಗ್ಗಿಸಬಲ್ಲದು. ಅದರ ಜೊತೆ ನೀವು ಅಜಿಥ್ರೋಮೈಸಿನ್ ಅಥವಾ ಸಿಟಲೋಪ್ರಾಮ್ ಬರೆದರೆ ಅಪಾಯ ಕೂಡಿಕೊಳ್ಳುತ್ತದೆ. ನಿಮೆಸುಲೈಡ್‌ಗೂ ಇಲ್ಲಿ ಅನುಮೋದನೆಯಿಲ್ಲ. 'ಏನಾದರೂ ಔಷಧ ತೆಗೆದುಕೊಳ್ಳುತ್ತೀರಾ' ಎಂದು ಕೇಳಿದರೆ ಇಲ್ಲ ಎಂಬ ಉತ್ತರವೇ ಬರುತ್ತದೆ. 'ಅಮ್ಮಾ, ಊರಿನಿಂದ ತಂದ ಮಾತ್ರೆಯ ಪಟ್ಟಿಗಳನ್ನೆಲ್ಲ ಒಮ್ಮೆ ತೋರಿಸಿ' ಎಂದು ಕನ್ನಡದಲ್ಲಿ ಕೇಳಿದರೆ ಎಲ್ಲವೂ ಹೊರಗೆ ಬರುತ್ತದೆ. ಆ ಪಟ್ಟಿಗಳ ಹಿಂಬದಿಯ ಮೂಲ ಹೆಸರುಗಳನ್ನು ಒಂದೊಂದಾಗಿ ದಾಖಲಿಸಿ.

ಅನುವಂಶೀಯತೆಯ ಪ್ರಶ್ನೆಯೂ ಇದೆ. ಏಷ್ಯಾ ಮೂಲದ ರೋಗಿಗಳಿಗೆ ರೋಸುವಸ್ಟಾಟಿನ್ ಅನ್ನು 5 ಮಿಲಿಗ್ರಾಂನಿಂದ ಆರಂಭಿಸಿ ಎಂದು ಅದರ ಲೇಬಲ್ಲೇ ಹೇಳುತ್ತದೆ. ಕಾರ್ಬಮಾಜೆಪಿನ್ ಬರೆಯುವ ಮುನ್ನ, ಏಷ್ಯಾ ಮೂಲದವರಲ್ಲಿ ಎಚ್‌ಎಲ್‌ಎ-ಬಿ 1502 ಎಂಬ ವಂಶವಾಹಿ ಗುರುತಿನ ಪರೀಕ್ಷೆಯ ಬಗ್ಗೆ ಚೌಕಟ್ಟಿನ ಎಚ್ಚರಿಕೆಯಿದೆ. ಆ ಗುರುತು ಇರುವವರಲ್ಲಿ ಪ್ರಾಣಕ್ಕೇ ಕುತ್ತಾಗುವ ಚರ್ಮದ ಪ್ರತಿಕ್ರಿಯೆ ಉಂಟಾಗಬಹುದು. ಕ್ಲೋಪಿಡೋಗ್ರೆಲ್ ದೇಹದಲ್ಲಿ ಕೆಲಸ ಮಾಡಲು ಬೇಕಾದ ಸಿವೈಪಿ2ಸಿ19 ಕಿಣ್ವ ಕೆಲವರಲ್ಲಿ ದುರ್ಬಲವಾಗಿರುತ್ತದೆ. ಔಷಧ ಮತ್ತು ವಂಶವಾಹಿಗಳ ಸಂಬಂಧದ ಬಗ್ಗೆ ಒಂದು ಒಳ್ಳೆಯ ತರಗತಿಯನ್ನು ಪ್ರತಿ ಅವಧಿಯಲ್ಲೂ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ.

ಹಂತ 5: ಎಲ್ಲಿ ಕಲಿಯಬೇಕು

ಅಮೆರಿಕನ್ ಅಸೋಸಿಯೇಷನ್ ಆಫ್ ನರ್ಸ್ ಪ್ರಾಕ್ಟೀಷನರ್ಸ್ ಸಂಸ್ಥೆಯ ಕಲಿಕಾ ತಾಣದಲ್ಲಿ ಔಷಧಶಾಸ್ತ್ರದ ಗಂಟೆಗಳನ್ನು ಪ್ರತ್ಯೇಕವಾಗಿ ತೋರಿಸುತ್ತಾರೆ. ಎಎನ್‌ಸಿಸಿ ಮಾನ್ಯತೆ ಪಡೆದ ಸಂಸ್ಥೆಗಳ ತರಗತಿಗಳು ಬಹುತೇಕ ಎಲ್ಲೆಡೆ ಸಲ್ಲುತ್ತವೆ. ವ್ಯಸನ ಚಿಕಿತ್ಸೆಗೆ ಪಿಸಿಎಸ್‌ಎಸ್ ಎಂಬ ಸರ್ಕಾರಿ ನೆರವಿನ ಕಾರ್ಯಕ್ರಮದಲ್ಲಿ ಉಚಿತ ಪಾಠಗಳಿವೆ. ಓಪಿಯಾಯ್ಡ್ ನೋವುನಿವಾರಕಗಳಿಗೆ ಎಫ್‌ಡಿಎ ರೂಪಿಸಿದ ರೆಮ್ಸ್ ಎಂಬ ಅಪಾಯ ತಗ್ಗಿಸುವ ಯೋಜನೆಯಡಿಯೂ ಉಚಿತ ತರಗತಿಗಳು ಸಿಗುತ್ತವೆ. ಹಣ ಕೊಟ್ಟು ಗಂಟೆ ಕೊಳ್ಳುವ ಮುನ್ನ ಇವನ್ನು ಮುಗಿಸಿ.

ಔಷಧ ಕಂಪನಿಗಳು ಹೋಟೆಲಿನಲ್ಲಿ ಊಟದ ಜೊತೆ ಏರ್ಪಡಿಸುವ ಉಪನ್ಯಾಸಗಳಿಂದ ದೂರವಿರಿ. ಅವು ಬಹುಪಾಲು ಪ್ರಚಾರದ ಸಭೆಗಳು, ಕಲಿಕೆಯ ಗಂಟೆ ಕೊಡುವುದಿಲ್ಲ. 2021ರಿಂದ ನರ್ಸ್ ಪ್ರಾಕ್ಟೀಷನರ್‌ಗಳು ಪಡೆದ ಊಟ, ಗೌರವಧನಗಳೂ ಕಂಪನಿಗಳ ಪಾವತಿಗಳನ್ನು ಬಹಿರಂಗಪಡಿಸುವ ಸರ್ಕಾರದ ಓಪನ್ ಪೇಮೆಂಟ್ಸ್ ದಾಖಲೆಗೆ ಸೇರುತ್ತಿವೆ. ಯಾರು ಬೇಕಾದರೂ ನಿಮ್ಮ ಹೆಸರು ಹಾಕಿ ನೋಡಬಹುದು. ಅದಕ್ಕಿಂತ ಮುಖ್ಯವಾಗಿ, ಒಂದೇ ಔಷಧದ ಗುಣಗಾನ ಕೇಳಿ ಬಂದ ಮನಸ್ಸು ಮರುದಿನ ಅದನ್ನೇ ಬರೆಯಲು ಹಂಬಲಿಸುತ್ತದೆ.

ಹಂತ 6: ತರಗತಿಯನ್ನು ಔಷಧ ಚೀಟಿಯವರೆಗೆ ಒಯ್ಯಿರಿ

ಪ್ರತಿ ತರಗತಿಯ ಬಳಿಕ ಒಂದೇ ಒಂದು ವಾಕ್ಯ ಬರೆಯಿರಿ: ನಾಳೆಯಿಂದ ನಾನು ಏನನ್ನು ಬದಲಿಸುತ್ತೇನೆ? ಆ ವಾಕ್ಯ ಖಚಿತವಾಗಿರಲಿ. 'ಮೂತ್ರಪಿಂಡದ ಬಗ್ಗೆ ಎಚ್ಚರ ವಹಿಸುತ್ತೇನೆ' ಎಂದು ಬರೆದರೆ ಉಪಯೋಗವಿಲ್ಲ. 'ಗ್ಯಾಬಪೆಂಟಿನ್ ತೆಗೆದುಕೊಳ್ಳುವ 65 ದಾಟಿದ ರೋಗಿಗಳೆಲ್ಲರ ಇಜಿಎಫ್‌ಆರ್ ನೋಡಿ ಡೋಸ್ ಸರಿಪಡಿಸುತ್ತೇನೆ' ಎಂದು ಬರೆಯಿರಿ. ತಿಂಗಳ ನಂತರ ದಾಖಲೆ ತೆರೆದು ಅದು ಆಗಿದೆಯೇ ನೋಡಿ.

ತರಗತಿಗಳ ನಡುವೆ ವಾರಕ್ಕೊಂದು ಔಷಧದ ಅಧಿಕೃತ ಲೇಬಲ್ ಓದುವ ಅಭ್ಯಾಸ ಮಾಡಿಕೊಳ್ಳಿ. ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ನಡೆಸುವ ಡೈಲಿಮೆಡ್ ತಾಣದಲ್ಲಿ ಅವು ಉಚಿತವಾಗಿ ಸಿಗುತ್ತವೆ. ಹೊಸ ಮಾದರಿಯ ಲೇಬಲ್‌ಗಳಲ್ಲಿ ವಿಭಾಗಗಳ ಸಂಖ್ಯೆ ಒಂದೇ ಆಗಿರುವುದರಿಂದ ಹುಡುಕುವುದು ಸುಲಭ: ಮೇಲ್ಗಡೆ ಚೌಕಟ್ಟಿನ ಎಚ್ಚರಿಕೆ, 4ರಲ್ಲಿ ಯಾರಿಗೆ ಕೊಡಬಾರದು, 5ರಲ್ಲಿ ಎಚ್ಚರಿಕೆಗಳು, 7ರಲ್ಲಿ ಬೇರೆ ಔಷಧಗಳೊಡನೆ ಘರ್ಷಣೆ, 8ರಲ್ಲಿ ಗರ್ಭಿಣಿಯರು, ಮಕ್ಕಳು, ವೃದ್ಧರು, 12ರಲ್ಲಿ ದೇಹದೊಳಗಿನ ಚಲನೆ. ಗರ್ಭಿಣಿಯರಿಗೆ ಔಷಧ ಕೊಡುವಾಗ ಎ, ಬಿ, ಸಿ, ಡಿ, ಎಕ್ಸ್ ಎಂಬ ಹಳೆಯ ಅಕ್ಷರಗಳನ್ನೇ ಇನ್ನೂ ನಂಬಿಕೊಂಡಿರುವವರಿದ್ದಾರೆ. ಅವುಗಳನ್ನು ಕೈಬಿಡುವ ನಿಯಮ 2015ರಲ್ಲೇ ಜಾರಿಗೆ ಬಂದಿದೆ. ಈಗ ವಿಭಾಗ 8.1ರಲ್ಲಿ ವಿವರಣೆಯನ್ನೇ ಓದಬೇಕು. ಈ ಓದಿಗೆ ಯಾರೂ ಗಂಟೆ ಕೊಡುವುದಿಲ್ಲ. ಆದರೂ ಕೊಂಡುತಂದ ಹಲವು ತರಗತಿಗಳಿಗಿಂತ ಇದರಿಂದಲೇ ಹೆಚ್ಚು ಕಲಿಯಬಹುದು.

ಅಧ್ಯಯನಗಳ ಫಲಿತಾಂಶ ಕೇಳುವಾಗ, ಅಪಾಯ ಶೇಕಡಾ 50 ಕಡಿಮೆಯಾಯಿತು ಎಂದರೆ ನಿಲ್ಲಿಸಿ ಕೇಳಿ: ಎಷ್ಟರಿಂದ ಎಷ್ಟಕ್ಕೆ? ನೂರರಲ್ಲಿ ಇಬ್ಬರಿಗೆ ಬರುತ್ತಿದ್ದದ್ದು ಒಬ್ಬರಿಗೆ ಬಂದರೂ ಅದು ಶೇಕಡಾ 50ರ ಇಳಿಕೆಯೇ. ಒಬ್ಬರಿಗೆ ಲಾಭವಾಗಲು ನೂರು ಜನ ಔಷಧ ನುಂಗಬೇಕು ಎಂಬುದು ರೋಗಿಗೂ ತಿಳಿಯಬೇಕಾದ ಸಂಗತಿ.

ಹಂತ 7: ದಾಖಲೆ

ಪ್ರಮಾಣಪತ್ರ ಬಂದ ದಿನವೇ ಉಳಿಸಿ. ಕಡತದ ಹೆಸರು ದಿನಾಂಕದಿಂದ ಆರಂಭವಾಗಲಿ. ಜೊತೆಗೊಂದು ಕೋಷ್ಟಕ: ದಿನಾಂಕ, ವಿಷಯ, ಸಂಸ್ಥೆ, ಮಾನ್ಯತೆಯ ಸಂಖ್ಯೆ, ಒಟ್ಟು ಗಂಟೆ, ಔಷಧಶಾಸ್ತ್ರದ ಗಂಟೆ, ಓಪಿಯಾಯ್ಡ್ ಅಥವಾ ವ್ಯಸನದ ಗಂಟೆ, ಯಾವ ಗಡುವಿಗೆ ಸಲ್ಲುತ್ತದೆ. ಕೆಲಸ ಮಾಡುವ ಆಸ್ಪತ್ರೆಯ ಮಿಂಚಂಚೆ ಅಥವಾ ಕಂಪ್ಯೂಟರಿನಲ್ಲಷ್ಟೇ ಇಡಬೇಡಿ. ಕೆಲಸ ಬಿಟ್ಟ ದಿನ ಅದೂ ಕೈತಪ್ಪುತ್ತದೆ. ಟೆಕ್ಸಾಸ್‌ನಂಥ ರಾಜ್ಯ ಎರಡು ನವೀಕರಣ ಅವಧಿಗಳ, ಅಂದರೆ ನಾಲ್ಕು ವರ್ಷಗಳ ದಾಖಲೆ ಇಟ್ಟುಕೊಳ್ಳಲು ಹೇಳುತ್ತದೆ. ರಾಷ್ಟ್ರೀಯ ಪ್ರಮಾಣೀಕರಣದ ಅವಧಿಯೇ ಐದು ವರ್ಷವಾದ್ದರಿಂದ ನೀವು ಆರು ವರ್ಷ ಇಟ್ಟುಕೊಳ್ಳಿ.

ಪರಿಶೀಲನೆಯ ಪತ್ರ ಬಂದರೆ ಗಾಬರಿ ಬೇಡ. ಕೇಳಿದ ಅವಧಿಯ ಪ್ರಮಾಣಪತ್ರಗಳನ್ನು ಮಾತ್ರ, ಕೇಳಿದ ಕ್ರಮದಲ್ಲಿ, ಗಡುವಿನೊಳಗೆ ಕಳಿಸಿ. ಔಷಧಶಾಸ್ತ್ರದ ಗಂಟೆ ನಮೂದಾಗದ ಪ್ರಮಾಣಪತ್ರವಿದ್ದರೆ ತರಗತಿಯ ವೇಳಾಪಟ್ಟಿ ಮತ್ತು ಆಯೋಜಕರ ಮಿಂಚಂಚೆಯನ್ನು ಲಗತ್ತಿಸಿ. ನವೀಕರಣದ ಹೊತ್ತಿಗೆ ಗಂಟೆ ಕಡಿಮೆ ಬಿದ್ದಿದ್ದರೆ ಪೂರೈಸಿದ್ದೇನೆ ಎಂದು ಅರ್ಜಿಯಲ್ಲಿ ಗುರುತು ಹಾಕಬೇಡಿ. ಸುಳ್ಳು ಘೋಷಣೆ ಶಿಸ್ತುಕ್ರಮಕ್ಕೆ ದಾರಿಯಾಗುತ್ತದೆ, ಬೇರೆ ರಾಜ್ಯಗಳ ಪರವಾನಗಿಗೂ ಅದರ ಬಿಸಿ ತಟ್ಟುತ್ತದೆ. ಅವಧಿ ಮುಗಿಯುವ ಮುನ್ನವೇ ಮಂಡಳಿಗೆ ಬರೆದು, ಯಾವ ಗಂಟೆಗಳು ಬಾಕಿಯಿವೆ, ಯಾವ ತರಗತಿಗೆ ಹೆಸರು ಕೊಟ್ಟಿದ್ದೀರಿ ಎಂದು ತಿಳಿಸಿ, ಅವರ ಲಿಖಿತ ಉತ್ತರ ಬರುವವರೆಗೆ ಪ್ರತಿ ವಾರ ವಿಚಾರಿಸುತ್ತಿರಿ.